"ನಂಬರ್ ಬರಬೇಕು, ಅಷ್ಟೇ": ಬಿಸಿನೆಸ್ ಅನಲಿಸ್ಟ್ ಆಗಿ ಹೊಸದಾಗಿ ಸೇರಿದವರು ಒಂದು ಬೇಡಿಕೆಯನ್ನು ಬಿಡಿಸುವುದು ಹೇಗೆ?

ಹುಬ್ಬಳ್ಳಿಯ ಒಂದು ಹಾರ್ಡ್‌ವೇರ್ ಸಗಟು ಅಂಗಡಿ ಎಂದುಕೊಳ್ಳಿ. ಅವರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಲ್ಲಿ ನೀವು ಬಿಸಿನೆಸ್ ಅನಲಿಸ್ಟ್ ಆಗಿ, ಅಂದರೆ ಬಳಸುವವರ ಬೇಡಿಕೆಯನ್ನು ಅರಿತು ಡೆವಲಪರ್‌ಗೆ ಬರೆದುಕೊಡುವವರಾಗಿ, ಸೇರಿ ಎರಡು ವಾರವಾಗಿದೆ. ಮಾಲೀಕರ ಫೋನ್ ಬರುತ್ತದೆ: "ಬಿಲ್‌ನ್ಯಾಗ ಗಿರಾಕಿದು ಜಿಎಸ್‌ಟಿ ನಂಬರ್ ಬರಬೇಕ್ರೀ. ಅಷ್ಟ, ಮತ್ತೇನಿಲ್ಲ."

ಹೊಸಬರು ಈ ಮಾತನ್ನು ಚೆಂದದ ಇಂಗ್ಲಿಷಿಗೆ ಇಳಿಸಿ, ಟಿಕೆಟ್ (ಕೆಲಸದ ಚೀಟಿ) ತೆರೆದು, ಡೆವಲಪರ್‌ಗೆ ಕಳಿಸಿಬಿಡುತ್ತಾರೆ. ಎರಡು ದಿನದಲ್ಲಿ ಪರದೆಯ ಮೇಲೊಂದು ಖಾಲಿ ಚೌಕ ಬರುತ್ತದೆ, ಅದರಲ್ಲಿ ಯಾರು ಏನು ಬೇಕಾದರೂ ಟೈಪ್ ಮಾಡಬಹುದು. ಮುಂದಿನ ತಿಂಗಳು ಅಂಗಡಿಯ ಲೆಕ್ಕಿಗರು ತಲೆ ಚಚ್ಚಿಕೊಳ್ಳುತ್ತಾರೆ. ಅನಲಿಸ್ಟ್‌ಗೆ ಸಂಬಳ ಕೊಡುವುದೇ ಆ "ಅಷ್ಟ" ಎಂಬ ಮಾತನ್ನು ನಂಬದಿರಲಿ ಎಂದು. ಈ ಒಂದು ಬೇಡಿಕೆಯನ್ನೇ ಹಿಡಿದು ಕೆಲಸ ಹೇಗೆ ಸಾಗಬೇಕೆಂದು ನೋಡೋಣ.

1. ಸಭೆಗೆ ಮೊದಲು ಹಳೆಯ ಬಿಲ್ ತರಿಸಿ

ಮೂವತ್ತು ಸಾಕು, ಆದರೆ ಒಂದೇ ದಿನದ್ದಾಗಬಾರದು. ತಿಂಗಳ ಮೊದಲ ವಾರದ್ದು 10, ಕೊನೆಯ ವಾರದ್ದು 10, ಇನ್ನುಳಿದ 10 ರದ್ದಾದವು, ತಿದ್ದಿದವು, ಸಾಮಾನು ವಾಪಸ್ ಬಂದವು. ಈ ಕೊನೆಯ ಹತ್ತನ್ನು ಕೊಡಲು ಅಂಗಡಿಯವರು ಹಿಂದೆಮುಂದೆ ನೋಡುತ್ತಾರೆ. ಬಿಡಬೇಡಿ. ಸರಿಯಾಗಿ ಮುಗಿದ ಬಿಲ್ಲಿನಿಂದ ಕಲಿಯುವುದು ಕಡಿಮೆ.

ಬಿಲ್ಲಿನ ಅಂಚಿನಲ್ಲಿ ಪೆನ್ನಿನ ಬರಹ ಇದೆಯೇ ನೋಡಿ. ಸಾಫ್ಟ್‌ವೇರ್‌ನಲ್ಲಿ ಜಾಗವಿಲ್ಲದ್ದನ್ನೇ ಜನ ಪೆನ್ನಿನಲ್ಲಿ ಬರೆಯುವುದು. ಲಾರಿ ನಂಬರ್, ಸೈಟಿನ ಹೆಸರು, "ಸಂಜಿಗೆ ರೊಕ್ಕ" ಇಂಥವೆಲ್ಲ ಯಾರೂ ಬಾಯಿಬಿಟ್ಟು ಹೇಳದ ಬೇಡಿಕೆಗಳು.

ಆ ಸಂಜೆಯೇ ಜಿಎಸ್‌ಟಿ ನಂಬರಿನ ರಚನೆ ಓದಿಕೊಳ್ಳಿ. ಒಟ್ಟು 15 ಸ್ಥಾನ. ಮೊದಲ ಎರಡು ರಾಜ್ಯದ ಸಂಕೇತ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವಾಕ್ಕೆ 30. ಮೂರರಿಂದ ಹನ್ನೆರಡರವರೆಗಿನ ಹತ್ತು ಸ್ಥಾನ ಆ ವ್ಯಾಪಾರಿಯ ಪ್ಯಾನ್: ಐದು ಅಕ್ಷರ, ನಾಲ್ಕು ಅಂಕಿ, ಒಂದು ಅಕ್ಷರ. ಹದಿಮೂರನೆಯದು ಅದೇ ರಾಜ್ಯದಲ್ಲಿ ಅದೇ ಪ್ಯಾನ್ ಮೇಲೆ ಎಷ್ಟನೇ ನೋಂದಣಿ ಎಂದು ಹೇಳುತ್ತದೆ. ಹದಿನಾಲ್ಕನೆಯದು ಸಾಮಾನ್ಯವಾಗಿ ಜೆಡ್. ಹದಿನೈದನೆಯದು ಮೊದಲ ಹದಿನಾಲ್ಕರಿಂದ ಲೆಕ್ಕ ಹಾಕಿ ತೆಗೆದ ತಾಳೆ ಅಕ್ಷರ ಅಥವಾ ಅಂಕಿ. ಇಷ್ಟು ತಿಳಿದಿದ್ದರೆ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಕುಳಿತದ್ದನ್ನು ಸಾಫ್ಟ್‌ವೇರ್ ತಾನೇ ಹಿಡಿಯುವಂತೆ ಮಾಡಬಹುದು.

2. ಗಲ್ಲಾದ ಪಕ್ಕ ಕುಳಿತುಕೊಳ್ಳಿ

ಅರ್ಧ ದಿನ ಸಾಕು. ಸಗಟು ಅಂಗಡಿಯಲ್ಲಿ ಗದ್ದಲವಿರುವ ಹೊತ್ತು ಆರಿಸಿಕೊಳ್ಳಿ, ಅಂದರೆ ಸೈಟಿನ ಕೆಲಸ ಶುರುವಾಗುವ ಬೆಳಿಗ್ಗೆ. ಮಾತು ಬೇಡ, ನೋಡಿ ಬರೆದುಕೊಳ್ಳಿ.

ಕಾಣುವುದು ಹೀಗಿರುತ್ತದೆ. ಸಿಮೆಂಟ್, ಸರಳು ಒಯ್ಯಲು ಗುತ್ತಿಗೆದಾರರು ತಾವು ಬರುವುದಿಲ್ಲ, ಹುಡುಗನನ್ನು ಕಳಿಸುತ್ತಾರೆ. ಬಿಲ್ ಹಾಕುವ ಗುಮಾಸ್ತ ಜಿಎಸ್‌ಟಿ ನಂಬರ್ ಕೇಳಿದರೆ ಹುಡುಗ, "ಸಾಹುಕಾರ್ರು ವಾಟ್ಸ್ಆ್ಯಪ್‌ನಾಗ ಕಳಸ್ತಾರ್ರೀ" ಎನ್ನುತ್ತಾನೆ. ಹಿಂದೆ ಆರು ಜನ ನಿಂತಿದ್ದಾರೆ. ಗುಮಾಸ್ತ ನಂಬರ್ ಇಲ್ಲದೆಯೇ ಬಿಲ್ ಮುದ್ರಿಸಿ ಕಳಿಸುತ್ತಾನೆ. ನಂಬರ್ ಬರುವುದು ಸಂಜೆ ನಾಲ್ಕಕ್ಕೆ, ಅದೂ ಮಾಲೀಕರ ಫೋನಿಗೆ.

ಮಾಲೀಕರು ಕೇಳಿದ್ದು ಬಿಲ್ಲಿನಲ್ಲಿ ನಂಬರಿನ ಜಾಗ. ಅಂಗಡಿಯ ತೊಂದರೆ ಬೇರೆ: ನಂಬರ್ ಬರುವುದು ಬಿಲ್ ಆದ ಮೇಲೆ. ಗಲ್ಲಾದ ಪಕ್ಕ ಕೂರದವರಿಗೆ ಇದು ಗೊತ್ತಾಗುವುದು ಸಾಫ್ಟ್‌ವೇರ್ ಕೊಟ್ಟು ಮುಗಿದ ನಂತರ.

3. "ಏನು ಬೇಕು" ಅನ್ನಬೇಡಿ, "ಕಳೆದ ಸಲ ಏನಾಯಿತು" ಅನ್ನಿ

"ನಿಮಗೇನು ಬೇಕು" ಎಂದರೆ ಜನ ತಮಗೆ ತೋಚಿದ ಪರಿಹಾರ ಹೇಳುತ್ತಾರೆ. "ಕಳೆದ ವಾರ ನಂಬರ್ ತಪ್ಪಾಗಿದ್ದು ಯಾವಾಗ? ಅದನ್ನು ಯಾರು ಕಂಡುಹಿಡಿದರು? ಆಮೇಲೆ ಏನು ಮಾಡಿದಿರಿ?" ಎಂದರೆ ನಡೆದದ್ದು ಹೊರಬರುತ್ತದೆ.

ಈ ಅಂಗಡಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ವಾರ್ಷಿಕ ವಹಿವಾಟಿನದು. 2017-18ರಿಂದೀಚೆಗೆ ಯಾವುದೇ ಒಂದು ವರ್ಷ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ, 2023ರ ಆಗಸ್ಟ್ 1ರಿಂದ ನೋಂದಾಯಿತ ಗಿರಾಕಿಗೆ ಕೊಡುವ ಬಿಲ್ಲಿಗೆ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ಕಡ್ಡಾಯ. ಹಾಗೆ ಪೋರ್ಟಲ್‌ನಲ್ಲಿ ದಾಖಲಾದ ಬಿಲ್ಲನ್ನು ಅಲ್ಲಿ ತಿದ್ದಲು ಬರುವುದಿಲ್ಲ. ರದ್ದು ಮಾಡಬಹುದು, ಅದಕ್ಕೂ 24 ಗಂಟೆಯ ಗಡುವು. ಅಂದರೆ ಬೆಳಿಗ್ಗೆ ತಪ್ಪು ನಂಬರ್ ಬಿದ್ದು ಅದೇ ಸಂಜೆ ಸರಿಯಾದದ್ದು ಬಂದರೆ ಒಂದು ದಾರಿ, ಮೂರು ದಿನ ಬಿಟ್ಟು ಬಂದರೆ ಇನ್ನೊಂದು ದಾರಿ. ಎರಡನೆಯದನ್ನು ಹೇಗೆ ಸರಿಪಡಿಸಬೇಕೆಂದು ಅವರ ಲೆಕ್ಕಿಗರು ಹೇಳಬೇಕು. ನೀವು ಊಹಿಸಿ ಬರೆಯಕೂಡದು.

ಊಹಿಸಿ ಕೆಡುವ ಇನ್ನೊಂದು ಜಾಗ ತೆರಿಗೆಯ ಬಗೆ. ನಂಬರ್ 27ರಿಂದ ಶುರುವಾದರೆ ಹೊರರಾಜ್ಯ, ಹಾಗಾಗಿ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ನಡೆಯುವ ಮಾರಾಟದ ತೆರಿಗೆ) ಹಾಕಿಬಿಡೋಣ ಎಂದು ಹೊಸಬರು ನಿಯಮ ಬರೆಯುತ್ತಾರೆ. ಕೊಲ್ಹಾಪುರದ ಗುತ್ತಿಗೆದಾರರು ಬೆಳಗಾವಿಯ ಸೈಟಿಗೆ ಸಿಮೆಂಟ್ ತರಿಸಿಕೊಂಡರೆ? ಸಾಮಾನು ಎಲ್ಲಿಗೆ, ಯಾರಿಗೆ, ಯಾರ ಹೇಳಿಕೆಯ ಮೇಲೆ ಹೋಯಿತು ಎಂಬುದರ ಮೇಲೆ ತೆರಿಗೆ ನಿಲ್ಲುತ್ತದೆ, ನಂಬರಿನ ಮೊದಲ ಎರಡು ಅಂಕಿಯ ಮೇಲಷ್ಟೇ ಅಲ್ಲ. ಇಂಥ ಕಡೆ "ಲೆಕ್ಕಿಗರನ್ನು ಕೇಳಿ ತಿಳಿಸುತ್ತೇನೆ" ಎನ್ನಲು ನಾಚಿಕೆ ಬೇಡ.

4. ಪದಗಳ ಪಟ್ಟಿ ಮಾಡಿ

ಒಂದು ಪುಟ ಸಾಕು. ಯಾವ ಕಾಲೇಜೂ ಇದನ್ನು ಕಲಿಸುವಂತೆ ಕಾಣುವುದಿಲ್ಲ, ಆದರೆ ಜಗಳಗಳಲ್ಲಿ ಅರ್ಧ ಹುಟ್ಟುವುದೇ ಪದಗಳಿಂದ. ಗಲ್ಲಾದಲ್ಲಿ "ರಿಟರ್ನ್" ಅಂದರೆ ಗಿರಾಕಿ ವಾಪಸ್ ತಂದ ಸಾಮಾನು, ಲೆಕ್ಕಿಗರ ಬಾಯಲ್ಲಿ ಜಿಎಸ್‌ಟಿ ಇಲಾಖೆಗೆ ಸಲ್ಲಿಸುವ ವಿವರ. "ಕ್ರೆಡಿಟ್" ಅಂದರೆ ಮಾಲೀಕರಿಗೆ ಉದ್ರಿ, ಲೆಕ್ಕಿಗರಿಗೆ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತ ಇಳಿಸಿ ಕೊಡುವ ಚೀಟಿ), ಗಿರಾಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದು). ಕಚ್ಚಾ ಬಿಲ್ ಅಂದರೆ ಕೆಲವರಿಗೆ ಬರೀ ಅಂದಾಜು ಪಟ್ಟಿ. ಬೆಂಗಳೂರಿನಲ್ಲಿ ಕುಳಿತು ಇಂಗ್ಲಿಷ್ ದಾಖಲೆ ಓದುವ ಡೆವಲಪರ್‌ಗೆ ಇದೊಂದೂ ಗೊತ್ತಾಗುವುದಿಲ್ಲ. ಕನ್ನಡ ಬಲ್ಲ ಅನಲಿಸ್ಟ್ ಇಲ್ಲಿ ಗೆಲ್ಲುತ್ತಾರೆ: ಅಂಗಡಿಯವರ ಪದವನ್ನೇ ದಾಖಲೆಯಲ್ಲಿ ಇಟ್ಟು, ಪಕ್ಕದಲ್ಲಿ ಒಂದು ಸಾಲಿನ ಅರ್ಥ ಬರೆಯಿರಿ.

5. ಬರೆಯುವುದು

ಬೇಡಿಕೆಯ ವಾಕ್ಯದಲ್ಲಿ ಯಾರು, ಏನು, ಏಕೆ ಮೂರೂ ಇರಬೇಕು. "ಬಿಲ್ ಹಾಕುವವರು ನೋಂದಾಯಿತ ಗಿರಾಕಿಯ ಜಿಎಸ್‌ಟಿ ನಂಬರನ್ನು ದಾಖಲಿಸಲು ಆಗಬೇಕು, ಗಿರಾಕಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಪ್ಪಬಾರದು." ಹೊಸಬರು ಬಿಟ್ಟುಬಿಡುವುದು ಏಕೆ ಎಂಬುದನ್ನು. ಅದು ಇಲ್ಲದಿದ್ದರೆ ಡೆವಲಪರ್ ಚೌಕ ಮಾಡಿ ಕೈತೊಳೆದುಕೊಳ್ಳುತ್ತಾರೆ.

ಕೆಳಗೆ ಒಪ್ಪಿಗೆಯ ಷರತ್ತುಗಳು. ಇಂಥ ಸ್ಥಿತಿಯಲ್ಲಿ, ಇದನ್ನು ಮಾಡಿದರೆ, ಇದು ಆಗಬೇಕು:

ಗಿರಾಕಿಯ ನಂಬರ್ 14 ಸ್ಥಾನದ್ದಾಗಿದ್ದು ಮುದ್ರಣ ಒತ್ತಿದರೆ, ಬಿಲ್ ಮುದ್ರಣವಾಗಬಾರದು. "15 ಸ್ಥಾನ ಬೇಕು" ಎಂದು ಕಾಣಬೇಕು.

ಎಂಟರಿಂದ ಹನ್ನೊಂದನೇ ಸ್ಥಾನದಲ್ಲಿ ಅಕ್ಷರ ಬಿದ್ದರೆ, ಆ ಸ್ಥಾನ ಕೆಂಪಾಗಬೇಕು.

ಚೌಕ ಖಾಲಿ ಬಿಟ್ಟು ಮುದ್ರಣ ಒತ್ತಿದರೆ, ನೋಂದಣಿ ಇಲ್ಲದ ಗಿರಾಕಿಯ ಬಿಲ್ ಎಂದು ಮುದ್ರಣವಾಗಬೇಕು, ಮತ್ತು "ನಂಬರ್ ಬರಬೇಕಿದೆ" ಎಂದು ಗುರುತು ಹಾಕಲು ಆಯ್ಕೆ ಇರಬೇಕು.

ಸಂಜೆ ಏಳಕ್ಕೆ ಹಾಗೆ ಗುರುತು ಹಾಕಿದ ಬಿಲ್ಲುಗಳ ಪಟ್ಟಿ ಮಾಲೀಕರಿಗೆ ಕಾಣಬೇಕು.

ಕೊನೆಯ ಎರಡು ಷರತ್ತು ಹುಟ್ಟಿದ್ದು ಗಲ್ಲಾದ ಪಕ್ಕ ಕೂತದ್ದರಿಂದ. ಅಂಗಡಿಯವರ ಕಷ್ಟ ತೀರಿಸುವುದೂ ಆ ಎರಡೇ.

"ಬೇಗ", "ಸುಲಭವಾಗಿ", "ಸರಿಯಾಗಿ" ಎಂಬ ಪದಗಳು ನಿಮ್ಮ ಬರಹದಲ್ಲಿ ಉಳಿದಿದ್ದರೆ ಕೆಲಸ ಮುಗಿದಿಲ್ಲ. ಬೇಗ ಅಂದರೆ ಎಷ್ಟು ಸೆಕೆಂಡು? ಇನ್ನೊಂದು ಮಾತು: ತಾಳೆ ಅಂಕಿ ಸರಿಹೊಂದಿತು ಎಂದ ಮಾತ್ರಕ್ಕೆ ನಂಬರ್ ಆ ಗಿರಾಕಿಯದೇ ಎಂದಲ್ಲ, ನೋಂದಣಿ ಚಾಲ್ತಿಯಲ್ಲಿದೆ ಎಂದೂ ಅಲ್ಲ. ಅದಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ ಹೆಸರು, ಸ್ಥಿತಿ ನೋಡಬೇಕು. ಪೋರ್ಟಲ್ ಉತ್ತರ ಕೊಡದಿದ್ದರೆ ಬಿಲ್ ತಡೆಯಬೇಕೇ, ಬಿಡಬೇಕೇ? ಇದು ಮಾಲೀಕರ ತೀರ್ಮಾನ. ಅವರಿಂದ ಬರಹದಲ್ಲಿ ಪಡೆಯಿರಿ.

6. ಹಳೆಯ ದತ್ತಾಂಶ ಮುಟ್ಟಿ ನೋಡಿ

ಗಿರಾಕಿಗಳ ಪಟ್ಟಿ ಸಿಎಸ್‌ವಿ ಫೈಲಾಗಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯ) ಬರುತ್ತದೆ ಎಂದುಕೊಳ್ಳಿ. ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯುವುದೇ ಮೊದಲ ತಪ್ಪು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಯವರೆಗೆ ಮಾತ್ರ ನಿಖರವಾಗಿ ಇಟ್ಟುಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಉಳಿಸಿದ ಮೇಲೆ ಮರಳಿ ಬರುವುದಿಲ್ಲ. 0012 ಎಂಬ ಬಿಲ್ ಸಂಖ್ಯೆ 12 ಆಗುತ್ತದೆ, 3-4 ಎಂಬುದು ತಾರೀಖಾಗಿ ಕೂರುತ್ತದೆ. ಫೈಲನ್ನು ಎಕ್ಸೆಲ್ ಒಳಗೆ ಆಮದು ಮಾಡಿಕೊಳ್ಳುವಾಗಲೇ ಅಂಥ ಕಾಲಂಗಳನ್ನು ಪಠ್ಯ ಎಂದು ಗುರುತಿಸಿ.

ದತ್ತಾಂಶದ ಕೋಷ್ಟಕಗಳಿಂದ ಬೇಕಾದ್ದನ್ನು ಕೇಳಿ ಪಡೆಯುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಎರಡು ಬಲೆಗಳಿವೆ. ಒಬ್ಬನೇ ಗಿರಾಕಿ ಎರಡು ಸಲ ದಾಖಲಾಗಿದ್ದರೆ, ಬಿಲ್ಲಿನ ಕೋಷ್ಟಕಕ್ಕೆ ಜೋಡಿಸಿದಾಗ ಅವನ ಒಟ್ಟು ಮೊತ್ತ ಇಮ್ಮಡಿಯಾಗುತ್ತದೆ. ಜೋಡಿಸುವ ಮೊದಲು ಮತ್ತು ನಂತರ ಸಾಲುಗಳನ್ನು ಎಣಿಸಿ. ಇನ್ನೊಂದು, ರಾಜ್ಯ 29 ಅಲ್ಲದವರನ್ನು ತೋರಿಸು ಎಂದರೆ ರಾಜ್ಯದ ಕಾಲಂನಲ್ಲಿ ನಲ್ (ಏನೂ ತುಂಬಿಲ್ಲ ಎಂಬ ಗುರುತು) ಇರುವವರು ಬರುವುದೇ ಇಲ್ಲ. ಹೊರರಾಜ್ಯದವರು ಇಷ್ಟೇ ಜನ ಎಂದು ಸಭೆಯಲ್ಲಿ ಹೇಳಿ ಹೊಸಬರು ಸಿಕ್ಕಿಬೀಳುವುದು ಇಲ್ಲಿ.

ಕಲಿಕೆಯ ಮಾತು ಬಂದದ್ದರಿಂದ ಒಂದಿಷ್ಟು. ಮೊದಲ ಆರು ತಿಂಗಳು ಎಕ್ಸೆಲ್‌ನ ಪಿವೋಟ್ (ಸಾಲುಗಳನ್ನು ಗುಂಪಾಗಿ ಕೂಡಿಸಿ ತೋರಿಸುವ ಕೋಷ್ಟಕ), ಎಸ್‌ಕ್ಯೂಎಲ್‌ನ ಜೋಡಣೆ ಮತ್ತು ಗುಂಪು ಮಾಡುವುದು, ಒಂದು ಪುಟದ ಪ್ರಕ್ರಿಯೆ ಚಿತ್ರ, ಇಷ್ಟು ಕೈಗೆ ಹತ್ತಿದರೆ ಸಾಕು. ಸರ್ಟಿಫಿಕೇಟ್‌ಗೆ ಅವಸರ ಬೇಡ. ಕೆನಡಾದಲ್ಲಿ 2003ರಲ್ಲಿ ಶುರುವಾದ, ಬಿಸಿನೆಸ್ ಅನಲಿಸ್ಟ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಐಬಿಎ ನಡೆಸುವ ಪ್ರವೇಶ ಹಂತದ ಇಸಿಬಿಎ ಪರೀಕ್ಷೆಗೆ ಅನುಭವ ಬೇಕಿಲ್ಲ. ಅದರ ಮೇಲಿನ ಸಿಸಿಬಿಎಗೆ 3750 ಗಂಟೆ, ಸಿಬಿಎಪಿಗೆ 7500 ಗಂಟೆ ಅನುಭವ ಕೇಳುತ್ತಾರೆ. ಪರೀಕ್ಷೆ ಬರೆಯುವುದು ಯಾವಾಗಲಾದರೂ ಇರಲಿ, ಯಾವ ಕೆಲಸಕ್ಕೆ ಎಷ್ಟು ಗಂಟೆ ಎಂಬ ಲೆಕ್ಕವನ್ನು ಇವತ್ತಿನಿಂದಲೇ ವಾರಕ್ಕೊಮ್ಮೆ ಬರೆದಿಡಿ. ಐದು ವರ್ಷದ ನಂತರ ನೆನಪಿನಿಂದ ಹೆಕ್ಕಲು ಆಗುವುದಿಲ್ಲ.

7. ಓದಿ ಹೇಳಿ, ಪರೀಕ್ಷಿಸಿ

ಇಪ್ಪತ್ತು ಪುಟದ ಕಡತವನ್ನು ಮೇಲ್ ಮಾಡಿ "ದಯವಿಟ್ಟು ಒಪ್ಪಿಗೆ ಕೊಡಿ" ಎಂದರೆ ಮಾಲೀಕರು ಓದದೆ ಒಪ್ಪುತ್ತಾರೆ. ಷರತ್ತುಗಳನ್ನು ಎದುರು ಕೂತು ಅವರ ಮಾತಿನಲ್ಲೇ ಒಂದೊಂದಾಗಿ ಓದಿ, ಗುಮಾಸ್ತನೂ ಅಲ್ಲಿರಲಿ. ಮಾಲೀಕರು ಹೂಂ ಎಂದ ಕಡೆ ಗುಮಾಸ್ತ ತಲೆ ಕೆರೆದುಕೊಂಡರೆ ಅಲ್ಲೇ ನಿಲ್ಲಿ. ತೀರ್ಮಾನಗಳನ್ನು ಅದೇ ದಿನ ಹತ್ತು ಸಾಲಿನ ಮೇಲ್‌ನಲ್ಲಿ ಕಳಿಸಿ. "ಇದೊಂದು ಸೇರಿಸಿಬಿಡಿ" ಎಂದು ಆಮೇಲೆ ಫೋನ್ ಬಂದಾಗ ಆಗುವುದಿಲ್ಲ ಎನ್ನಬೇಡಿ. ಎಷ್ಟು ದಿನ ಹೆಚ್ಚು, ಯಾವುದು ಹಿಂದೆ ಬೀಳುತ್ತದೆ ಎಂದು ಹೇಳಿ.

ಬಳಕೆದಾರರ ಪರೀಕ್ಷೆಗೆ ನೀವು ತರಿಸಿಕೊಂಡ ಆ 30 ಬಿಲ್ಲುಗಳನ್ನೇ ಬಳಸಿ. ಮೌಸ್ ಗುಮಾಸ್ತನ ಕೈಯಲ್ಲಿರಲಿ, ನೀವು ಬಾಯಿ ಬಿಡಬೇಡಿ. ಅವನು ತಡವರಿಸಿದ ಜಾಗವೆಲ್ಲ ನಿಮ್ಮ ತಪ್ಪು, ಅವನದಲ್ಲ.

ಬಿಡುಗಡೆಯಾದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಪ್ರತಿ ತಿಂಗಳು ವಿವರ ಸಲ್ಲಿಸುವ ವ್ಯಾಪಾರಿಗಳಿಗೆ ಮಾರಾಟದ ವಿವರಕ್ಕೆ ಮುಂದಿನ ತಿಂಗಳ 11 ಕೊನೆಯ ದಿನ. ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿ ಗಿರಾಕಿಗಳ ಖಾತೆಯ 2ಬಿ ಪಟ್ಟಿಯಲ್ಲಿ (ಅವರಿಗೆ ಸಿಗಬಹುದಾದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್‌ನ ಪಟ್ಟಿ) ಕಾಣುವುದು 14ಕ್ಕೆ. ಡೈರಿಯಲ್ಲಿ 15ನೇ ತಾರೀಖು ಗುರುತು ಹಾಕಿಕೊಳ್ಳಿ. ಮಾಲೀಕರಿಂದ ನಾಲ್ಕು ಗಿರಾಕಿಗಳ ಲೆಕ್ಕಿಗರಿಗೆ ಫೋನ್ ಮಾಡಿಸಿ, ಕಳೆದ ತಿಂಗಳ ಬಿಲ್ಲುಗಳು ಅವರ ಪಟ್ಟಿಯಲ್ಲಿ ಬಂದಿವೆಯೇ ಎಂದು ಕೇಳಿಸಿ. ಒಂದು ಬಂದಿಲ್ಲ ಎಂದರೂ ಆ ಬಿಲ್ಲಿನ ಪ್ರತಿ ತರಿಸಿಕೊಳ್ಳಿ.