ಬದಿಯಡ್ಕದ ನೆಟ್‌ವರ್ಕ್ ಚುರುಕಾದದ್ದು ಹೀಗೆ

ಕುಂಬಳೆ, ಬದಿಯಡ್ಕದ ನಮ್ಮ ಕಚೇರಿಗಳ ನಡುವೆ ನೇರ ರೇಡಿಯೋ ಲಿಂಕ್ ಇದೆ. ಕಾಸರಗೋಡು ಸುತ್ತಿ ಬರುವ ಫೈಬರ್ ಕೂಡ ಇದೆ. ಆದರೆ ಫೈಬರ್ ಸುಮ್ನೆ ಕೂತಿತ್ತು, ಫೈಲುಗಳೆಲ್ಲ ರೇಡಿಯೋದಲ್ಲೇ ತೆವಳುತ್ತಿದ್ದವು. ಕಾರಣ ಆರ್‌ಐಪಿ, ಅಂದರೆ ಡೇಟಾ ಯಾವ ದಾರಿಯಲ್ಲಿ ಹೋಗಬೇಕೆಂದು ರೂಟರುಗಳು (ಡೇಟಾವನ್ನು ಮುಂದೆ ಕಳಿಸುವ ಸಾಧನಗಳು) ತೀರ್ಮಾನಿಸುವ ಒಂದು ವಿಧಾನ. ಈ ಡಿಸ್ಟೆನ್ಸ್ ವೆಕ್ಟರ್ ಪ್ರೋಟೋಕಾಲ್ ಪಕ್ಕದ ರೂಟರ್ 30 ಸೆಕೆಂಡಿಗೊಮ್ಮೆ ಹೇಳಿದ್ದನ್ನು ನಂಬಿ ಹಾಪ್ (ರೂಟರಿನಿಂದ ರೂಟರಿಗೆ ಒಂದು ಜಿಗಿತ) ಮಾತ್ರ ಎಣಿಸುತ್ತದೆ, ಕಡಿಮೆ ಹಾಪ್ ಇರುವ ದಾರಿಯನ್ನೇ ಹಿಡಿಯುತ್ತದೆ. ರೇಡಿಯೋಗೆ ಒಂದು ಹಾಪ್, ಫೈಬರ್‌ಗೆ ಎರಡು. ವೇಗ ಲೆಕ್ಕಕ್ಕೇ ಇಲ್ಲ!

ಓಎಸ್‌ಪಿಎಫ್ ಎಂಬ ಇನ್ನೊಂದು ಪ್ರೋಟೋಕಾಲ್‌ಗೆ ಬದಲಾಯಿಸಿದೆ. ಇದು ಲಿಂಕ್ ಸ್ಟೇಟ್ ಬಗೆಯದು. ಪ್ರತಿ ರೂಟರ್ ತನ್ನ ಲಿಂಕ್‌ಗಳ ವಿವರ ಎಲ್ಲರಿಗೂ ಹಂಚುತ್ತದೆ, ಇಡೀ ನಕ್ಷೆ ನೋಡಿ ದಾರಿಯನ್ನು ತಾನೇ ಲೆಕ್ಕ ಹಾಕುತ್ತದೆ. ಒಂದು ವಿಷಯ ಮಾತ್ರ ಮರೆಯಬೇಡಿ: ರೇಡಿಯೋವನ್ನೂ ಈಥರ್ನೆಟ್ ಪೋರ್ಟಿಗೇ ಸಿಕ್ಕಿಸಿರುತ್ತೇವೆ ಅಲ್ವಾ, ಅದರ ನಿಜವಾದ ವೇಗ ರೂಟರಿಗೆ ತಿಳಿಯುವುದಿಲ್ಲ. ಓಎಸ್‌ಪಿಎಫ್ ಒಟ್ಟು ಕಾಸ್ಟ್ (ಲಿಂಕ್‌ಗೆ ಕೊಡುವ ವೆಚ್ಚದ ಅಂಕಿ) ಕಡಿಮೆ ಇರುವ ದಾರಿಯನ್ನು ಆರಿಸುತ್ತದೆ, ಅದಕ್ಕೇ ರೇಡಿಯೋ ಲಿಂಕ್‌ನ ಎರಡೂ ತುದಿಯಲ್ಲಿ ಫೈಬರ್ ದಾರಿಗಿಂತ ಹೆಚ್ಚಾಗುವಂತೆ ಕಾಸ್ಟ್ 100 ಅಂತ ಕೈಯಾರೆ ಕೊಟ್ಟೆ. ಈಗ ಫೈಬರ್ ಕಡಿದರೆ ಮಾತ್ರ ರೇಡಿಯೋ.