ಯೀಸ್ಟ್ ಬಿಟ್ಟೆ, ಹಂದಿಯ ಕರುಳು ಹಿಡಿದೆ

ತಿಂದ ಪಿಷ್ಟ, ಸಕ್ಕರೆಯನ್ನು ಗ್ಲೂಕೋಸ್ ಆಗಿ ಒಡೆಯುವ ಕಿಣ್ವ ಆಲ್ಫಾ ಗ್ಲುಕೋಸಿಡೇಸ್. ಸಕ್ಕರೆ ಕಾಯಿಲೆಗಾಗಿ ಅದನ್ನು ಯಾವ ಗಿಡ ತಡೆಯುತ್ತದೆ ಎಂದು ನೋಡುವ ಪರೀಕ್ಷೆ ಎಂದರೆ ಎಲ್ಲರೂ ಯೀಸ್ಟಿನ ಕಿಣ್ವವನ್ನೇ ಕೊಳ್ಳುತ್ತಾರೆ. ನಾನೂ ಕೊಂಡೆ. ಹೆಬ್ಬೆರಳುದ್ದದ ಸೀಸೆಗೆ 20 ಸಾವಿರ ರೂಪಾಯಿಯ ಆಸುಪಾಸು ಸುರಿದು, ಕಿಣ್ವ ಒಡೆದರೆ ಹಳದಿಯಾಗುವ ಪಿಎನ್‌ಪಿಜಿ ಹಾಕಿ, 405 ನ್ಯಾನೋಮೀಟರ್ ಬೆಳಕಿನಲ್ಲಿ ಆ ಬಣ್ಣ ಅಳೆದರೆ ದಾಳಿಂಬೆ ಸಿಪ್ಪೆ ಗೆದ್ದಿತು, ಮಾವಿನೆಲೆ ಗೆದ್ದಿತು, ಕ್ಯಾಂಟೀನಿನ ಚಹಾ ಕೂಡ ಗೆದ್ದಿತು. ಸೋತದ್ದು ವೈದ್ಯರು ಸಕ್ಕರೆ ಕಾಯಿಲೆಗೆ ಬರೆದುಕೊಡುವ ಅಕಾರ್ಬೋಸ್ ಒಂದೇ. ಔಷಧಿಯೇ ಸೋಲುವ ಪರೀಕ್ಷೆಯಲ್ಲಿ ಗಿಡ ಗೆದ್ದರೆ ಅದಕ್ಕೇನು ಬೆಲೆ?

ನಾನು ಸಂಶೋಧಿಸುವ ಗಿಡ ಏಕನಾಯಕ, ಸಲಾಸಿಯಾ ಕುಲದ ಔಷಧಿ ಗಿಡ. ಅದರ ಬೇರಿನ ಕಷಾಯದಿಂದ ಚೊಗರನ್ನೆಲ್ಲ (ಟ್ಯಾನಿನ್) ತೆಗೆದು ಮತ್ತೆ ಹಾಕಿದರೆ ಯೀಸ್ಟಿನ ಕಿಣ್ವ ಕದಲಲೇ ಇಲ್ಲ. ಆದರೆ ಇದೇ ಕುಲದ ಸಿಂಹಳದ ಗಿಡದಿಂದ ಜಪಾನಿನ ಯೋಶಿಕಾವಾ ತಂಡ 1997ರಲ್ಲಿ ಸಲಾಸಿನಾಲ್ ಎಂಬ ವಸ್ತುವನ್ನು ಬೇರ್ಪಡಿಸಿ, ಅದು ಇಲಿಯ ಕರುಳಿನಲ್ಲಿ ಸಕ್ಕರೆ ಒಡೆಯುವ ಕಿಣ್ವಗಳಾದ ಮಾಲ್ಟೇಸ್, ಸುಕ್ರೇಸ್‌ಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂದು ತೋರಿಸಿತ್ತು. ನಾವು ತಿಂದ ಅನ್ನ ಒಡೆಯುವುದು ಕರುಳಿನಲ್ಲಿ, ಯೀಸ್ಟಿನಲ್ಲಲ್ಲ. ಇಲಿ ಕರುಳಿನ ಪುಡಿ ಹೊರದೇಶದಿಂದ ಬರಬೇಕು. ಬೆಲೆ ಕೇಳಿ ಸುಮ್ಮನಾದೆ. ಕಸಾಯಿಖಾನೆಗೆ ಹೋಗುತ್ತೇನೆ ಎಂದಾಗ ಮಾರ್ಗದರ್ಶಕರು ನಕ್ಕರು: “ಪ್ರಬಂಧಗಳೆಲ್ಲ ಯೀಸ್ಟಿನಲ್ಲೇ ಇವೆಯಲ್ಲಯ್ಯ, ನಿನಗೇಕೆ ಆ ಸಹವಾಸ?”

ಮೊದಲು ಆಡಿನ ಬೋಟಿ ತಂದೆ. ಅಂಗಡಿಯಾತ ಒಳ್ಳೆಯ ಮನಸ್ಸಿನಿಂದ ಬಿಸಿನೀರಿನಲ್ಲಿ ತೊಳೆದೇ ಕೊಟ್ಟಿದ್ದ, ಕಿಣ್ವ ಅಲ್ಲೇ ಸತ್ತಿತ್ತು. ಎರಡನೆಯ ಸಲ ಹಸಿಯಾಗಿ ಸಿಕ್ಕಿತು. ಮಾಲ್ಟೇಸ್ ಅಷ್ಟಕ್ಕಷ್ಟೆ, ಸುಕ್ರೇಸ್ ಸೊನ್ನೆ. ಮೆಲುಕು ಹಾಕುವ ಪ್ರಾಣಿಯ ಕರುಳಿನಲ್ಲಿ ಸುಕ್ರೇಸ್ ಇರುವುದೇ ಇಲ್ಲ. ಒಂದಿಡೀ ಬೇಸಿಗೆ ಹೀಗೆ ಹೋಯಿತು. ಅಸಿಟೋನಿನ ಖರ್ಚು ನನ್ನ ಕೈಯಿಂದ, ಫೆಲೋಶಿಪ್ ಹಣ ಎಂದಿನಂತೆ ಬಾಕಿ.

ಹಂದಿ ಮಾಂಸಕ್ಕೆ ಮಂಗಳೂರಿನಲ್ಲಿ ಬರವಿಲ್ಲ. ಬೆಳಗಿನ ಜಾವವೇ ಹೋಗಿ, ತೊಳೆಯದ ಸಣ್ಣ ಕರುಳಿನ ಮೇಲ್ಭಾಗವನ್ನೇ ಕೇಳಿ ಐಸ್ ಪೆಟ್ಟಿಗೆಗೆ ಹಾಕಿಕೊಂಡು ಬಂದೆ. ನೂರು ರೂಪಾಯಿ ಕೊಟ್ಟ ನೆನಪು. ತಣ್ಣನೆಯ ಉಪ್ಪುನೀರಿನಲ್ಲಿ ತೊಳೆದು, ಗಾಜಿನ ಸ್ಲೈಡಿನಿಂದ ಒಳಪದರ ಕೆರೆದು, ತಣ್ಣನೆಯ ಅಸಿಟೋನಿನಲ್ಲಿ ಅರೆದು ಒಣಗಿಸಿದರೆ ಹತ್ತು ಹನ್ನೆರಡು ಗ್ರಾಂ ಪುಡಿ. ಎಲ್ಲ ಸೇರಿ ಏಳೆಂಟು ನೂರು ರೂಪಾಯಿಯೊಳಗೆ ವರ್ಷದ ಕೆಲಸಕ್ಕೆ ಸಾಕು. ಕರೆಂಟ್ ಹೋಗುವ ನಮ್ಮ ಫ್ರಿಜ್‌ನಲ್ಲಿ ಅದು ಕೆಡದಂತೆ ಒಂದು ವಸ್ತು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ.

ಈ ಪುಡಿಗೆ ಅಕಾರ್ಬೋಸ್ ಮಾತ್ರೆಯನ್ನು ಅರೆದು ಹಾಕಿದೆ. ಒಂದು ಮಾತ್ರೆಗೆ ಹತ್ತೋ ಹನ್ನೆರಡೋ ರೂಪಾಯಿ, ಸಾವಿರಾರು ಕೊಟ್ಟು ಶುದ್ಧ ಪುಡಿ ಬೇಕಾಗಲಿಲ್ಲ. ಮಿಲಿಲೀಟರಿಗೆ ಕೆಲವೇ ಮೈಕ್ರೋಗ್ರಾಂನಲ್ಲಿ ಮಾಲ್ಟೇಸ್ ಅರ್ಧಕ್ಕಿಳಿಯಿತು. ಚೊಗರು ತೆಗೆದ ಏಕನಾಯಕನ ಕಷಾಯ ನೂರು ಮೈಕ್ರೋಗ್ರಾಂ ಒಳಗೇ ಆ ಕೆಲಸ ಮಾಡಿತು. ಚಹಾ, ದಾಳಿಂಬೆ ಎರಡೂ ಬಹಳ ಹಿಂದೆ ಬಿದ್ದವು. ಆ ಗ್ರಾಫ್ ಮುದ್ರಿಸಿ ಮಾರ್ಗದರ್ಶಕರ ಮೇಜಿನ ಮೇಲಿಟ್ಟು ಒಂದು ಮಾತನ್ನೂ ಆಡದೆ ಹೊರಬಂದೆ. ಈಗ ಪಕ್ಕದ ವಿಭಾಗದವರೂ ಪುಡಿ ಕೇಳುತ್ತಾರೆ.

ನಡುವೆ ರಾಮನಗರದ ಗೆಳೆಯರೊಬ್ಬರು ಹಿಪ್ಪುನೇರಳೆ ಸೊಪ್ಪು ಕಳಿಸಿದ್ದರು. ಅದರಲ್ಲಿ ಡಿಎನ್‌ಜೆ ಎಂಬ ಸಕ್ಕರೆಯಂಥ ವಸ್ತುವಿದೆ. ಬಲಿತ ಎಲೆಗಿಂತ ಕುಡಿಯೇ ಸುಕ್ರೇಸನ್ನು ಚೆನ್ನಾಗಿ ಹಿಡಿಯಿತು. ಅದನ್ನೇ ಹೊಟ್ಟೆ ತುಂಬ ಮೇಯುವ ರೇಷ್ಮೆಹುಳುವಿನ ಸುಕ್ರೇಸ್‌ಗೆ ಮಾತ್ರ ಡಿಎನ್‌ಜೆ ಅಷ್ಟಾಗಿ ತಾಗುವುದಿಲ್ಲ. ಹುಳುವಿನ ಕಿಣ್ವವನ್ನೂ ನೋಡೋಣವೆಂದು ತಂದ ಹುಳುಗಳು ಗೂಡು ಕಟ್ಟಿಬಿಟ್ಟವು. ಏಕನಾಯಕನ ಎಲೆಯನ್ನೂ ಪರೀಕ್ಷಿಸಿದೆ. ಬೇರು ಅಗೆದರೆ ಗಿಡವೇ ಹೋಗುತ್ತದೆ, ಎಲೆ ಸಾಕಾದರೆ ಒಳ್ಳೆಯದಿತ್ತು. ಬೇರಿನಷ್ಟು ಹಿಡಿತ ಸಿಗಲಿಲ್ಲ.

ಮಾಡಿ ನೋಡುವವರು ಎರಡು ಕಡೆ ಜಾಗ್ರತೆ ವಹಿಸಬೇಕು. ಕಿಣ್ವದ ಹಂತದಲ್ಲಿ ಪಿಎಚ್ ಕಾಯುವ ದ್ರಾವಣವಾಗಿ (ಬಫರ್) ಟ್ರಿಸ್ ಬೇಡ, ಅದೇ ಕಿಣ್ವವನ್ನು ತಡೆಯುತ್ತದೆ. ಫಾಸ್ಫೇಟ್ ಬಳಸಿ, ಪಿಎಚ್ 6.8. ಎರಡನೆಯದು, ಗ್ಲೂಕೋಸ್ ಅಳೆಯುವ ಜಿಒಡಿ-ಪಿಒಡಿ ಕಿಟ್ಟಿನ ಗುಲಾಬಿ ಬಣ್ಣವನ್ನು ಕಷಾಯದ ಚೊಗರು ತಾನೇ ನುಂಗುತ್ತದೆ. ಗ್ಲೂಕೋಸ್ ಕಡಿಮೆ ಕಂಡ ಮಾತ್ರಕ್ಕೆ ಕಿಣ್ವ ನಿಂತಿತೆಂದು ಕುಣಿಯಬೇಡಿ. ತೂಕ ಗೊತ್ತಿರುವ ಗ್ಲೂಕೋಸನ್ನು ಕಷಾಯಕ್ಕೆ ಬೆರೆಸಿ, ಹಾಕಿದಷ್ಟೂ ಕಿಟ್ಟಿನಲ್ಲಿ ಮರಳಿ ಬರುತ್ತದೆಯೇ ಎಂದು ಮೊದಲು ನೋಡಿ. ನಮ್ಮ ಹಳೆಯ ಫಲಿತಾಂಶಗಳಲ್ಲಿ ಅರ್ಧಕ್ಕರ್ಧ ಈ ಪರೀಕ್ಷೆಯಲ್ಲೇ ಬಿದ್ದುಹೋದವು.