ಹಿಟ್ಟಿಗೊಂದು ಕೌದಿ

ನಮ್ಮ ಮನೆಗೆ ಚಳಿಗಾಲದ ಮೊದಲ ಸುದ್ದಿ ತರುವುದು ಕೊಬ್ಬರಿ ಎಣ್ಣೆಯ ಬಾಟಲಿ. ದೀಪಾವಳಿ ಮುಗಿದು ಗೌರಿ ಹುಣ್ಣಿಮೆ ಹತ್ತಿರ ಬರುವಾಗ ಒಂದು ಬೆಳಿಗ್ಗೆ ಬಾಟಲಿಯನ್ನು ಬೋರಲು ಹಿಡಿದರೂ ಹನಿ ಬೀಳುವುದಿಲ್ಲ. ಮದುವೆಯಾಗಿ ಧಾರವಾಡಕ್ಕೆ ಬಂದ ಮೊದಲ ವರ್ಷ, ಅಂಗಡಿಯವನು ಡಾಲ್ಡಾ ಬೆರೆಸಿದ್ದಾನೆ ಅಂದುಕೊಂಡು ಬಾಟಲಿ ಹಿಡಿದು ಜಗಳಕ್ಕೇ ಹೊರಟಿದ್ದೆ. ಅತ್ತೆ ನಕ್ಕು, ಬಾಟಲಿ ಇಸಿದುಕೊಂಡು ಹಿತ್ತಲ ಬಿಸಿಲಲ್ಲಿ ಇಟ್ಟರು. ಅರ್ಧ ಗಂಟೆಗೆ ನೀರಾಗಿತ್ತು.

ನಾನು ಕುಂದಾಪುರದ ಕಡೆಯವಳು. ನಮಗೆ ಚಳಿ ಅಂದರೆ ಜನವರಿಯಲ್ಲಿ ನಾಲ್ಕು ದಿನ ಫ್ಯಾನು ಆರಿಸಿ ಮಲಗುವುದು, ಅಷ್ಟೇ. ಕೊಬ್ಬರಿ ಎಣ್ಣೆ ಗಟ್ಟಿಯಾಗುವುದು 24 ಡಿಗ್ರಿಯ ಆಸುಪಾಸಿನಲ್ಲಿ. ಊರಲ್ಲಿ ಎಣ್ಣೆ ಕೊಂಚ ಮಬ್ಬಾದದ್ದನ್ನು ನೋಡಿದ್ದೆನೇ ಹೊರತು ಕಲ್ಲಾದದ್ದನ್ನು ನೋಡಿರಲಿಲ್ಲ. ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ. ಡಿಸೆಂಬರಿನ ಬೆಳಗಿನಲ್ಲಿ 13–14 ಡಿಗ್ರಿಗೆ ಇಳಿಯುವುದು ಇಲ್ಲಿ ಮಾಮೂಲು. ಬೀದರಿನವರು ಕೇಳಿದರೆ ಇದೂ ಒಂದು ಚಳಿಯೇ ಅಂತ ನಗಬಹುದು. ನನಗಂತೂ ಸಾಕಷ್ಟಾಯಿತು.

ಇಷ್ಟು ವರ್ಷ ಈ ಮನೆಯಲ್ಲಿ ಚಳಿಯ ತಯಾರಿಯೆಲ್ಲ ಅತ್ತೆಯದೇ ಆಗಿತ್ತು. ನಾನು ತಂದುಕೊಡುವವಳು, ಹಿಡಿದುಕೊಳ್ಳುವವಳು, ತಿನ್ನುವವಳು. ಹೋದ ವರ್ಷ ದಸರೆಗೆ ಮುಂಚೆ ಅವರ ಕಣ್ಣಿನ ಪೊರೆ ತೆಗೆಸಬೇಕಾಯಿತು. ಒಲೆಯ ಹೊಗೆ ಬೇಡ, ಬಗ್ಗಿ ಭಾರ ಎತ್ತುವುದು ಬೇಡ, ಸೂಜಿ ಕೆಲಸವಂತೂ ಬೇಡವೇ ಬೇಡ ಅಂದರು ಡಾಕ್ಟರು. ಹಾಗಾಗಿ ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತರು, ಕೆಲಸ ನನ್ನ ತಲೆಗೆ ಬಂತು.

ಮೊದಲು ಟ್ರಂಕು. ಸ್ವೆಟರು, ಶಾಲು, ಮಗ ಕೂಸಾಗಿದ್ದಾಗ ಹಾಕುತ್ತಿದ್ದ ಖಣದ ಕುಂಚಿಗೆ, ಎಲ್ಲ ತೆಗೆದು ಎರಡು ದಿನ ಬಿಸಿಲಿಗೆ ಹಾಕಿದೆ. ಬೇವಿನೆಲೆ ಒಣಗಿ ಪುಡಿಯಾಗಿತ್ತು, ಕೊಡವಿದೆ. ಅದರಲ್ಲಿ ಹೇಳುವಂಥದ್ದೇನಿಲ್ಲ. ಕೌದಿಗಳನ್ನು ತೆಗೆದಾಗ ಮಾತ್ರ ಒಂದು ಗೊತ್ತಾಯಿತು. ನಾವು ಗಂಡ ಹೆಂಡತಿ ಹೊದೆಯುತ್ತಿದ್ದ ದೊಡ್ಡ ಕೌದಿ ನಡುವೆ ಪೂರಾ ಜಾಳಾಗಿತ್ತು. ಬೆಳಕಿಗೆ ಹಿಡಿದರೆ ಪಕ್ಕದ ಮನೆಯ ಪೇರಲ ಗಿಡ ಕಾಣುತ್ತಿತ್ತು.

ಕೌದಿ ಅಂದರೆ ಹಳೆಯ ಸೀರೆ, ದೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಚೂರುಬಟ್ಟೆ ಜೋಡಿಸಿ, ಅಂಚಿನಿಂದ ಅಂಚಿಗೆ ಕೈಯಲ್ಲೇ ಹೊಲಿದ ಹೊದಿಕೆ. ಅಂಗಡಿಯಲ್ಲಿ ಎರಡು ಸಾವಿರಕ್ಕೆ ಸಿಗುವ ಉಬ್ಬಿದ ರಜಾಯಿ ನಮ್ಮಲ್ಲಿಯೂ ಒಂದಿದೆ. ಅದನ್ನು ಹೊದ್ದರೆ ನಡುರಾತ್ರಿ ಬೆವರು, ಒದ್ದರೆ ಚಳಿ. ಕೌದಿಯ ಬೆಚ್ಚಗೆ ಬೇರೆ. ಪದರಗಳ ನಡುವೆ ಗಾಳಿ ನಿಲ್ಲುತ್ತದೆ, ಹಳೆಯ ಹತ್ತಿಯಾದ್ದರಿಂದ ಬೆವರನ್ನೂ ಹೀರುತ್ತದೆ, ಭಾರಕ್ಕೆ ಮೈ ಮೇಲೆ ಸರಿಯಾಗಿ ಕೂರುತ್ತದೆ. ಹೊಸದೊಂದು ಹೊಲಿದೇ ಬಿಡುತ್ತೇನೆ ಅಂದೆ. ಅತ್ತೆ, "ಮೊದ್ಲ ಒಂದ್ ಸಣ್ಣದು ಹೊಲಿಯವ್ವಾ, ಕೈ ಕೂಡಲಿ" ಅಂದರು. ಕೇಳಲಿಲ್ಲ.

ಆರು ಗಜದ ಸೀರೆಯನ್ನು ನಡುವೆ ಕತ್ತರಿಸಿ, ಎರಡು ತುಂಡನ್ನೂ ಉದ್ದುದ್ದಕ್ಕೆ ಜೋಡಿಸಿದರೆ ಸುಮಾರು ಒಂಬತ್ತು ಅಡಿ ಉದ್ದ, ಏಳು ಅಡಿಗೆ ತುಸು ಮೇಲೆ ಅಗಲ ಬರುತ್ತದೆ. ಸವೆದ ತುದಿಗಳನ್ನು ತೆಗೆದು ಏಳಕ್ಕೆ ಏಳು ಅಂತ ಇಟ್ಟುಕೊಂಡೆ. ಹೊರಗಿನ ಎರಡು ಪದರಕ್ಕೆ ಅತ್ತೆಯ ಇಳಕಲ್ ಸೀರೆಗಳು. ಇಳಕಲ್ಲಿನಲ್ಲಿ ಒಡಲು ಹತ್ತಿಯದಾದರೆ ಸೆರಗು ರೇಷ್ಮೆಯದು, ಎರಡನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಸೆರಗು ಹೊದಿಕೆಗೆ ಜಾರುತ್ತದೆ, ಅದನ್ನು ಬಿಡಿಸಿ ಬೇರೆ ಇಟ್ಟೆ. ಒಡಲು ಮೂವತ್ತು ವರ್ಷ ಒಗೆಸಿಕೊಂಡು ಬೆಣ್ಣೆಯಾಗಿತ್ತು. ಒಳಗಿನ ಪದರಕ್ಕೆ ಮಾವನವರ ಎರಡು ದೋತರ, ಒಂದು ಹಾಸಿಗೆಯ ಚಾದರ. ಇನ್ನೂ ಒಂದು ಪದರ ಕಡಿಮೆ ಬಿತ್ತು. ನನ್ನದೊಂದು ಹಳೆಯ ಹಸಿರು ಸಿಂಥೆಟಿಕ್ ಸೀರೆ ಇತ್ತು, ಒಳಗೆ ಯಾರಿಗೆ ಕಾಣಬೇಕು ಅಂತ ಸೇರಿಸಿದೆ.

ಮಹಡಿಯ ಮೇಲೆ ಗಾಳಿ ಏಳುವ ಮುಂಚೆ, ಬೆಳಿಗ್ಗೆ ಆರೂವರೆಗೆ ಎಲ್ಲ ಹಾಸಿದೆ. ಮೂಲೆಗಳಿಗೆ ಒಳಕಲ್ಲಿನ ಗುಂಡು, ಎರಡು ಇಟ್ಟಿಗೆ, ಮಗನ ಡಂಬೆಲ್ಲು. ಸುಕ್ಕು ತೀಡಿ, ಅಂಚಿಗೆ ಕಚ್ಚಾ ಹೊಲಿಗೆ ಹಾಕಿ, ಸುತ್ತಿಕೊಂಡು ಕೆಳಗೆ ತಂದು ದಬ್ಬಣ ಹಿಡಿದು ಕೂತೆ. ನಾಲ್ಕನೇ ಸಾಲಿಗೆ ಏನೋ ಸರಿಯಿಲ್ಲ ಅನ್ನಿಸಿತು. ಸೂಜಿ ಹೋಗುವಾಗ ಕೀಚ್ ಅನ್ನುತ್ತದೆ, ಎಳೆದಷ್ಟೂ ಒಳಗಿನ ಬಟ್ಟೆ ಸರಿಯುತ್ತದೆ, ಎರಡು ಸಾಲಿನ ನಡುವೆ ಪುರಿಯ ಹಾಗೆ ಉಬ್ಬು. ಅತ್ತೆ ಕೈ ಚಾಚಿ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಒಮ್ಮೆ ತಿಕ್ಕಿದರು.

"ಒಳಗ ಜಾರೂ ಅರಬಿ ಹಾಕೀದೇನು?"

"ಕಾಣಿಸ್ತಾ ನಿಮಗೆ?"

"ಕಣ್ಣಿಗೆ ಕಾಣಂಗಿಲ್ಲ ಅಂದ್ರ ಕೈಗೂ ತಿಳಿಯಂಗಿಲ್ಲೇನು?"

ಬಿಚ್ಚಿದೆ. ಹಸಿರು ಸೀರೆ ಹೊರಗೆ ಬಂತು, ಅದರ ಜಾಗಕ್ಕೆ ಇನ್ನೊಂದು ಚಾದರ ಹೋಯಿತು. ಎರಡನೇ ಸಲ ಅಂಚಿಗಷ್ಟೇ ಕಚ್ಚಾ ಹೊಲಿಗೆ ಹಾಕಿ ಬಿಡಲಿಲ್ಲ. ಮೂಲೆಯಿಂದ ಮೂಲೆಗೂ, ನಡುವೆ ಅಡ್ಡ ಉದ್ದವೂ ಹಾಕಿದೆ. ಯಾರಾದರೂ ಹೊಲಿಯಲು ಹೊರಟರೆ ಇದೊಂದನ್ನು ತಪ್ಪಿಸಬೇಡಿ. ಕಚ್ಚಾ ಹೊಲಿಗೆಗೆ ಹೋದ ಒಂದು ಮಧ್ಯಾಹ್ನ ಮುಂದೆ ಹತ್ತು ಮಧ್ಯಾಹ್ನ ಉಳಿಸುತ್ತದೆ.

ಹೊಲಿಗೆಯ ಅಳತೆಗೂ ಮಾತು ಕೇಳಿದೆ. ಬೇಗ ಮುಗಿಯಲಿ ಅಂತ ಅರ್ಧ ಬೆರಳುದ್ದ ಹೊಲಿಗೆ ಹಾಕುತ್ತಿದ್ದೆ. "ಅಷ್ಟುದ್ದ ಹಾಕಬ್ಯಾಡ, ರಾತ್ರಿ ಕಾಲಬೆರಳ ಸಿಕ್ಕೊಂಡು ದಾರ ಹರಿತೈತಿ" ಅಂದರು. ಹಳೆಯ ಕೌದಿಯನ್ನು ತೆಗೆದು ನೋಡಿದೆ. ಅದರ ಹೊಲಿಗೆ ಒಂದೊಂದೂ ಜೀರಿಗೆ ಕಾಳಿಗಿಂತ ತುಸು ಉದ್ದ, ಮೇಲೆ ಎಷ್ಟೋ ಕೆಳಗೂ ಅಷ್ಟೇ. ನನಗೆ ಅಷ್ಟು ಸಣ್ಣದು ಕೂಡಲಿಲ್ಲ. ಗೋಧಿ ಕಾಳಿನ ಉದ್ದಕ್ಕೆ ರಾಜಿಯಾಯಿತು.

ಏಳನೇ ಕ್ಲಾಸಿನ ಮಗ ಪಕ್ಕದಲ್ಲೇ ಕೂತು ಲೆಕ್ಕ ಹಾಕಿದ. ಏಳು ಅಡಿ ಅಂದರೆ 84 ಇಂಚು, ಒಂದೂವರೆ ಇಂಚಿಗೊಂದು ಸಾಲು ಅಂದರೆ 56 ಸಾಲು, ಒಂದೊಂದು ಸಾಲು ಏಳಡಿ, ಒಟ್ಟು 392 ಅಡಿ, ಹತ್ತಿರ ಹತ್ತಿರ 120 ಮೀಟರು. ಒಂದು ಸಾಲಿಗೆ ನನಗೆ ಅರ್ಧ ಗಂಟೆ. "ಅಮ್ಮಾ, ಇಪ್ಪತ್ತೆಂಟು ತಾಸು" ಅಂದ. ಆ ಹುಡುಗನಿಗೆ ಗಣಿತದಲ್ಲಿ ಮಾರ್ಕ್ಸು ಬರುವುದಿಲ್ಲ, ಇಂಥದಕ್ಕೆ ಮಾತ್ರ ತಲೆ ಓಡುತ್ತದೆ. ದಿನಕ್ಕೆ ಮೂರು ಸಾಲು, ಹತ್ತೊಂಬತ್ತು ದಿನ ಅಂದುಕೊಂಡೆ. ದೀಪಾವಳಿ ಬಂತು, ನೆಂಟರು ಬಂದರು, ಅವರ ಹಿಂದೆ ಜ್ವರ ಬಂತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ 38 ಸಾಲಾಗಿತ್ತು.

ನಡುವೆ ಅಂಟಿನ ಉಂಡೆ. ಬಾಣಂತಿಗೆ ಕೊಡುವ ಉಂಡೆ ಇದು, ಆದರೆ ನಮ್ಮಲ್ಲಿ ಚಳಿ ಶುರುವಾದೊಡನೆ ಮನೆಯವರೆಲ್ಲ ಬೆಳಿಗ್ಗೆ ಒಂದೊಂದು ತಿನ್ನುತ್ತಾರೆ. ಕರಿದ ಅಂಟು ಅನ್ನುವುದೇ ಕರದಂಟು ಆಗಿದೆ. ಗೋಕಾಕ, ಅಮೀನಗಡದ ಕರದಂಟಿಗೆ ಹೆಸರಿದ್ದರೂ ನನ್ನ ಬಾಯಿಗೆ ಅದು ಸಿಹಿ ಜಾಸ್ತಿ. ಮನೆಯ ಲೆಕ್ಕ ಹೀಗೆ: ಒಣಕೊಬ್ಬರಿ ಅರ್ಧ ಕಿಲೊ, ಉತ್ತತ್ತಿ ಅರ್ಧ ಕಿಲೊ, ಬೆಲ್ಲ 400 ಗ್ರಾಂ, ಅಂಟು 150 ಗ್ರಾಂ, ಬಾದಾಮಿ, ಗೋಡಂಬಿ, ಒಣದ್ರಾಕ್ಷಿ ನೂರು ನೂರು ಗ್ರಾಂ, ಗಸಗಸೆ 50 ಗ್ರಾಂ, ತುಪ್ಪ ಕಾಲು ಕಿಲೊ, ಅರ್ಧ ಜಾಜಿಕಾಯಿ, ಏಲಕ್ಕಿ. ಅರವತ್ತರ ಸುಮಾರು ಉಂಡೆಯಾಗುತ್ತವೆ.

ಉತ್ತತ್ತಿಯನ್ನು ಇಡಿಯಾಗಿ ಮಿಕ್ಸಿಗೆ ಹಾಕಿದರೆ ಬ್ಲೇಡು ಹೋಗುತ್ತದೆ. ಅಡಕತ್ತರಿಯಲ್ಲಿ ಸೀಳಿ, ಬೀಜ ತೆಗೆದು, ಒಂದು ದಿನ ಬಿಸಿಲು ಕಾಣಿಸಿ, ತುಪ್ಪದಲ್ಲಿ ಬಾಡಿಸಿದರೆ ಆರಿದ ಮೇಲೆ ಗರಿಗರಿಯಾಗಿ ಪುಡಿಯಾಗುತ್ತದೆ. ಇಷ್ಟು ಸರಿಯಾಗಿ ಮಾಡಿದೆ. ಕೆಟ್ಟದ್ದು ಅಂಟಿನ ಹತ್ತಿರ. ಅಂಟು ತುಪ್ಪಕ್ಕೆ ಬಿದ್ದೊಡನೆ ಅರಳಿನ ಹಾಗೆ ಉಬ್ಬಿತು, ಬೆಳ್ಳಗಾಯಿತು, ತೇಲಿತು. ಆಯಿತು ಅಂದುಕೊಂಡು ತೆಗೆದೆ, ಕುಟ್ಟಿದೆ, ಕಲಸಿದೆ, ಕಟ್ಟಿದೆ. ಮರುದಿನ ಬೆಳಿಗ್ಗೆ ಗಂಡ ಒಂದು ಕಚ್ಚಿದವರು ಮಾತಾಡಲಿಲ್ಲ. ಮೇಲಿನ ದವಡೆಯೂ ಕೆಳಗಿನ ದವಡೆಯೂ ಕೂಡಿಕೊಂಡಿದ್ದವು. ಬಿಸಿನೀರು ಮುಕ್ಕಳಿಸಿ ಬಿಡಿಸಿಕೊಳ್ಳಬೇಕಾಯಿತು. ಅತ್ತೆ ತಮ್ಮ ಹಲ್ಲಿನ ಸೆಟ್ಟು ತೆಗೆದಿಟ್ಟುಕೊಂಡೇ ಒಂದು ಚೂರು ಚೀಪಿ, "ಹೊಟ್ಟಿ ಹಸಿ ಉಳದೈತಿ" ಅಂತ ತೀರ್ಪು ಕೊಟ್ಟರು.

ಅಂಟಿನ ದೊಡ್ಡ ಹರಳು ಹೊರಗೆ ಅರಳಿದರೂ ಒಳಗೆ ಗಾಜಿನ ಹಾಗೇ ಉಳಿದಿರುತ್ತದೆ. ಎರಡನೇ ಸಲ ಅಂಟನ್ನು ಬಿಸಿಲಿಗೆ ಹಾಕಿ ಪಸೆ ಆರಿಸಿ, ಕಡಲೆ ಕಾಳಿನಷ್ಟು ಗಾತ್ರಕ್ಕೆ ಒಡೆದುಕೊಂಡೆ. ಉರಿ ಸಣ್ಣ ಮಾಡಿ, ಒಂದು ಸಲಕ್ಕೆ ಒಂದೇ ಚಮಚ. ತೆಗೆದ ಒಂದು ಕಾಳನ್ನು ತಟ್ಟೆಯಲ್ಲಿಟ್ಟು ಬಟ್ಟಲ ತಳದಿಂದ ಒತ್ತಿದೆ. ಕರುಂ ಅಂತ ಸದ್ದಾಗಿ ಹಿಟ್ಟಾದರೆ ಆಯಿತು. ನಡುವೆ ಹೊಳೆಯುವ ಚುಕ್ಕೆ ಉಳಿದರೆ ಇನ್ನೂ ಬೇಕು. ಬೆಲ್ಲವನ್ನೂ ಪಾಕಕ್ಕೆ ಬಿಡಬಾರದು. ಚಮಚ ತುಪ್ಪದ ಜೊತೆ ಕರಗಿ, ನೊರೆ ಎದ್ದು ಬಂದೊಡನೆ ಇಳಿಸಬೇಕು. ತಡ ಮಾಡಿದರೆ ಉಂಡೆ ತಿನ್ನಲು ಅಡಕತ್ತರಿಯೇ ಬೇಕಾಗುತ್ತದೆ. ಮೊದಲ ಸಲದ ಅರವತ್ತು ಉಂಡೆ ಏನಾಯಿತು ಅಂತ ಕೇಳಬೇಡಿ. ದಿನಾ ಬಿಸಿ ಹಾಲಿಗೆ ಒಂದೊಂದು ಹಾಕಿ ಕರಗಿಸಿ, ಪಾಯಸ ಅಂತ ಕುಡಿದು ಮುಗಿಸಿದೆವು.

ಊಟದಲ್ಲಿ ನನಗೆ ಅಷ್ಟೊಂದು ಕಷ್ಟವಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಅಗಸೆ ಚಟ್ನಿ, ಮೇಲೆ ಬೆಣ್ಣೆ. ಇವನ್ನು ಮೊದಲ ವರ್ಷವೇ ಒಪ್ಪಿಕೊಂಡೆ. ಚಳಿಯಲ್ಲಿ ನಾನು ಸೋಲುವುದು ಇಡ್ಲಿ ಹಿಟ್ಟಿಗೆ. ಊರಲ್ಲಿ ರಾತ್ರಿ ರುಬ್ಬಿಟ್ಟರೆ ಬೆಳಿಗ್ಗೆ ಪಾತ್ರೆ ಮೀರಿ ಬರುತ್ತಿದ್ದ ಹಿಟ್ಟು, ಇಲ್ಲಿ ಡಿಸೆಂಬರಿನಲ್ಲಿ ಹಾಕಿದ ಗೆರೆಯಲ್ಲೇ ಕೂತಿರುತ್ತದೆ. ಸೋಡಾ ಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಮೈಕ್ರೋವೇವಿನೊಳಗೆ ಬಿಸಿನೀರಿನ ಲೋಟದ ಜೊತೆ ಇಟ್ಟು ನೋಡಿದೆ, ಅಕ್ಕಿ ಡಬ್ಬಿಯಲ್ಲಿ ಹೂತು ನೋಡಿದೆ. ಅರ್ಧಂಬರ್ಧ.

ದೊಡ್ಡ ಕೌದಿ ಕತ್ತರಿಸಿ ಉಳಿದ ತುಂಡುಗಳು ಮೂಲೆಯಲ್ಲಿ ಬಿದ್ದಿದ್ದವು. ಒಂದು ಭಾನುವಾರ ಅವನ್ನೇ ಎರಡಡಿಗೆ ಎರಡಡಿ, ಆರು ಪದರ ಹಾಸಿ ಹೊಲಿದೆ. ಒಂದೇ ದಿನಕ್ಕೆ ಮುಗಿಯಿತು. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ತಮ್ಮ ಕವಂದಿಯ ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನದ ಹೂವು ಇಡುತ್ತಾರಲ್ಲ, ಅದನ್ನು ನೋಡಿದ್ದೆ. ಬಿಡಿಸಿಟ್ಟ ಇಳಕಲ್ ಸೆರಗಿನ ಕೆಂಪಿನಲ್ಲಿ ನಾನೂ ನಾಲ್ಕು ಹೂ ಇಟ್ಟೆ.

ಆ ಸಂಜೆ ಉದ್ದನ್ನು ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿದೆ. ಇದು ಮುಖ್ಯ. ಕೌದಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿಯನ್ನು ಹೋಗಗೊಡುವುದಿಲ್ಲ ಅಷ್ಟೇ; ತಣ್ಣೀರಲ್ಲಿ ರುಬ್ಬಿ ಸುತ್ತಿಟ್ಟರೆ ತಣ್ಣಗೇ ಇರುತ್ತದೆ. ಉದ್ದು ಒಂದಕ್ಕೆ ಅಕ್ಕಿ ತರಿ ಎರಡು, ಅದನ್ನೂ ಬೆಚ್ಚನೆ ನೀರಲ್ಲಿ ತೊಳೆದು, ಹಿಂಡಿ, ಕೈಯಿಂದಲೇ ಚೆನ್ನಾಗಿ ಕಲಸಿದೆ. ಪಾತ್ರೆಗೆ ಮುಚ್ಚಳ ಹಾಕಿ, ಕೌದಿ ಸುತ್ತಿ, ಒಲೆಕಟ್ಟೆಯ ಮೂಲೆಯಲ್ಲಿ ಕೂಸನ್ನು ಕೂರಿಸಿದ ಹಾಗೆ ಕೂರಿಸಿದೆ. ಬೇಸಿಗೆಯಲ್ಲಿ ಎಂಟು ತಾಸು ಸಾಕು, ಚಳಿಗೆ ಹನ್ನೆರಡು ಬೇಕು ಅಂತ ಸಂಜೆ ಏಳಕ್ಕೇ ಇಟ್ಟಿದ್ದೆ. ಒಂದು ಮಾತ್ರ ಮರೆತಿದ್ದೆ: ಹಳೆಯ ಅಭ್ಯಾಸದಿಂದ ಪಾತ್ರೆಯನ್ನು ಮುಕ್ಕಾಲು ತುಂಬಿದ್ದೆ.

ಬೆಳಿಗ್ಗೆ ಎದ್ದರೆ ಮುಚ್ಚಳ ಓರೆಯಾಗಿತ್ತು. ಹಿಟ್ಟು ಉಕ್ಕಿ, ಕೌದಿಯೊಳಗೆಲ್ಲ ಹರಿದು, ಕೆಂಪು ಹೂವಿನ ಮೇಲೆ ಬೆಳ್ಳಗೆ ಕೂತಿತ್ತು. ನಾನು ಬೈದುಕೊಳ್ಳುತ್ತಾ ಬಿಚ್ಚುತ್ತಿದ್ದರೆ ಅತ್ತೆ ಹಿಂದೆ ಬಂದು ನಿಂತು, "ಭಾಳ ಛಲೋ ಆತು ಬಿಡು, ಕೌದಿಗೂ ಹೊಟ್ಟಿ ತುಂಬಿಸಿದಿ" ಅಂದರು. ಇಡ್ಲಿ ಮಾತ್ರ ಊರಿನ ಇಡ್ಲಿಯೇ.

ದೊಡ್ಡ ಕೌದಿ ಮುಗಿದದ್ದು ಫೆಬ್ರವರಿ ಕೊನೆಗೆ, ಫ್ಯಾನು ಹಾಕುವ ಹೊತ್ತಿಗೆ. ಈ ವರ್ಷ ಮೊನ್ನೆ ಅದನ್ನು ಬಿಸಿಲಿಗೆ ಹಾಕಿದ್ದೇನೆ. ಅತ್ತೆಯ ಕಣ್ಣು ಈಗ ಚೆನ್ನಾಗಿದೆ, ಸೂಜಿಗೆ ದಾರ ತಾವೇ ಪೋಣಿಸುತ್ತಾರೆ. ನನ್ನ ಕೌದಿಯ ಅಂಚನ್ನು ಬೆಳಕಿಗೆ ಹಿಡಿದು, ಗೋಧಿ ಕಾಳಿನುದ್ದದ ಹೊಲಿಗೆಗಳನ್ನು ಒಂದೊಂದಾಗಿ ನೋಡಿ, ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಳಗೆ ಹೋಗಿ ಹೋದ ವರ್ಷದ ಆ ಹಸಿರು ಸೀರೆಯನ್ನು ತಂದು ಮುಂದಿಟ್ಟರು.

"ಮೊಸರಿನ ಗಡಿಗಿಗೂ ಒಂದ್ ಹೊಲಿ. ಅದಕ್ಕೇನು, ಜಾರಿದ್ರೂ ನಡೀತೈತಿ."